ಎದೆಯ ಮಡಿಕೆ

ಕೆಲಸದ ಅಂಗಿಯ ಎಡಪಕ್ಕವನ್ನು ಬಲಪಕ್ಕದ ಮೇಲೆ ಎಳೆದುಕೊಂಡು ಸೊಂಟದ ಹತ್ತಿರ ಲಾಡಿ ಕಟ್ಟುತ್ತಿದ್ದಾಗ ಹಿಸನೊಳ ಕೈ ನಡುವೆಯೇ ನಿಂತುಬಿಟ್ಟಿತು. ಅರವತ್ತಾರು ವರ್ಷದಲ್ಲಿ ಈ ಲಾಡಿಯನ್ನು ಎಷ್ಟು ಸಾವಿರ ಸಲ ಕಟ್ಟಿದ್ದಾಳೋ, ಒಂದು ದಿನವೂ ಕೈಯನ್ನು ನೋಡಿಕೊಂಡು ಕಟ್ಟಿದವಳಲ್ಲ. ಇವತ್ತು ನೋಡಿದಳು. ಎಡ ಮೇಲೆ, ಬಲ ಕೆಳಗೆ. ಬದುಕಿದವರು ಉಡುವುದು ಹೀಗೆ. ಸತ್ತವರಿಗೆ ಇದರ ತಿರುಗಾಮುರುಗಾ, ಬಲ ಮೇಲೆ, ಎಡ ಕೆಳಗೆ. ಇದು ಅಕ್ಷರ ಬಾರದ ಮಗುವಿಗೂ ಗೊತ್ತು, ಬೇಸಿಗೆಯಲ್ಲಿ ಹತ್ತಿಯ ನಿಲುವಂಗಿಯನ್ನು ತಪ್ಪಾಗಿ ಸುತ್ತಿಕೊಂಡು ಬಂದ ಮಗುವನ್ನು ಅಜ್ಜಿಯರು “ಏನೇ, ಸತ್ತುಗಿತ್ತು ಹೋದ್ಯಾ?” ಎಂದು ಬೆನ್ನಿಗೊಂದು ಹಾಕಿ ಸರಿಮಾಡುತ್ತಾರೆ. ಹಾಗಾದರೆ ಮೊನ್ನೆ ಶುಕ್ರವಾರ ಕಳಿಸಿಕೊಟ್ಟ ದಿಂಬಿನಲ್ಲಿ ಯಾವುದು ಮೇಲಿತ್ತು? ಹಿಸನೊ ಕಣ್ಣು ಮುಚ್ಚಿಕೊಂಡು ದಿಂಬನ್ನು ನೆನೆಸಿಕೊಂಡಳು. ನೇರಳೆ ಬಣ್ಣ ಬಂತು, ಬಿಳಿ ಹೂ ಬಂತು, ಕತ್ತಿನ ಬಿಳಿ ಪಟ್ಟಿ ಬಂತು. ಯಾವ ಪಕ್ಕ ಮೇಲಿತ್ತು ಎನ್ನುವುದು ಮಾತ್ರ ಬರಲಿಲ್ಲ. ಸೀಮೆಎಣ್ಣೆ ಒಲೆಯ ಮೇಲೆ ಕೆಟಲು ಕುದಿಯುತ್ತಲೇ ಇತ್ತು.

ದಿಂಬು ಹೊರಿಗೊಮೆ ಮನೆಯ ತೊಮಿ ಅಜ್ಜಿಯದು. ಅಜ್ಜಿಗೆ ಎಂಬತ್ತೆಂಟಾಯಿತು, ಹಳದಿ ತೊಡಿಸಿ ಹಬ್ಬ ಮಾಡುವ ವಯಸ್ಸು. ಇವತ್ತು ಭಾನುವಾರ, ಮಧ್ಯಾಹ್ನ ನೆಂಟರೆಲ್ಲ ಸೇರಿ ಅವಳಿಗೆ ಹಳದಿ ಟೋಪಿ, ಹಳದಿ ತೋಳಿಲ್ಲದ ಅಂಗಿ ತೊಡಿಸಿ ನಡುಮನೆಯಲ್ಲಿ ಕೂರಿಸುತ್ತಾರೆ, ಮಡಿಲಿಗೆ ಆ ದಿಂಬನ್ನಿಟ್ಟು ಫೋಟೋ ತೆಗೆಯುತ್ತಾರೆ. ಅಜ್ಜಿ ಹುಡುಗಿಯಾಗಿ ಕಿರ್ಯೂವಿನ ಮಗ್ಗದ ಕಾರ್ಖಾನೆಯಲ್ಲಿದ್ದಾಗ ತನ್ನ ದುಡಿಮೆಯಲ್ಲಿ ಕೊಂಡ ಮೊದಲ ಕಿಮೊನೊದಿಂದ ಮಾಡಿದ ದಿಂಬು. ಮೆಯಿಸೆನ್ ರೇಷ್ಮೆ, ಆ ಕಾಲದ ಕೆಲಸದ ಹುಡುಗಿಯರೆಲ್ಲ ಆಸೆಪಟ್ಟು ಉಡುತ್ತಿದ್ದದ್ದು. ನೇರಳೆಯ ಮೇಲೆ ಅಂಗೈಯಗಲದ ಬಿಳಿ ಹೂಗಳು. ತಿಂಗಳ ಹಿಂದೆ ಅಜ್ಜಿಯ ಸೊಸೆ ರಿತ್ಸುಕೊ ಅದನ್ನು ಗಂಟು ಕಟ್ಟಿ ತಂದು, “ನಮ್ಮತ್ತೆಗೆ ಇದನ್ನ ಉಡೋಕೆ ಬೆನ್ನು ನೆಟ್ಟಗೆ ನಿಲ್ಲಲ್ಲ, ಎಸೆಯೋಕೆ ಮನಸ್ಸು ಬರಲ್ಲ. ಏನಾದ್ರೂ ಮಾಡ್ಕೊಡಿ” ಎಂದಿದ್ದಳು. ಹಿಸನೊ ಮೂರು ದಿನ ಕೂತು ಹೊಲಿಗೆ ಬಿಚ್ಚಿದ್ದಳು. ಈ ಬಿಚ್ಚುವ ಕೆಲಸ ಅವಳಿಗೆ ಊಟಕ್ಕಿಂತ ಇಷ್ಟ. ಕಿಮೊನೊದಲ್ಲಿ ಬಾಗಿಸಿ ಕತ್ತರಿಸಿದ್ದೇ ಇಲ್ಲ, ಎಲ್ಲ ನೆಟ್ಟಗೆ. ಕತ್ತಿನ ಪಟ್ಟಿ, ತೋಳು, ಮೈ ಎಲ್ಲ ಬಿಚ್ಚಿದರೆ ಎಂಟು ನೇರ ತುಂಡು, ಒಂದರ ತುದಿಗೆ ಒಂದು ಇಟ್ಟರೆ ಅಂಗಡಿಯಲ್ಲಿ ಸುರುಳಿ ಸುತ್ತಿಟ್ಟಿದ್ದ ಅದೇ ಉದ್ದದ ಬಟ್ಟೆ. ಹೊಲಿಗೆಯ ಒಳಗೆ ಬಿಸಿಲು ಕಾಣದ ನೇರಳೆ ಹೊಸದಾಗಿಯೇ ಉಳಿದಿರುತ್ತದೆ. ಮೂಲೆಗಳಲ್ಲಿ ಅರವತ್ತು ಎಪ್ಪತ್ತು ವರ್ಷದ ಧೂಳು ಮೆತ್ತಗೆ ಕೂತಿರುತ್ತದೆ. ಉಟ್ಟವರು ಬಾಯಿ ಬಿಟ್ಟು ಹೇಳದ್ದನ್ನು ಬಟ್ಟೆ ಹೇಳುತ್ತದೆ: ಇವಳು ಮಂಡಿಯೂರಿ ಬಹಳ ಕೂತಿದ್ದಾಳೆ, ಇವಳು ಒಂದು ಕಾಲನ್ನು ಎಳೆಯುತ್ತಿದ್ದಳು, ಇವಳು ಅತ್ತು ತೋಳಿನಲ್ಲಿ ಒರೆಸಿಕೊಂಡಿದ್ದಾಳೆ. ತೊಮಿ ಅಜ್ಜಿಯ ಕಿಮೊನೊದಲ್ಲಿ ಎಡತೋಳಿನ ತುದಿ ಬಲದ್ದಕ್ಕಿಂತ ಹೆಚ್ಚು ಸವೆದಿತ್ತು, ಅಲ್ಲೊಂದು ಮಸಿಯ ಕಲೆಯೂ ಇತ್ತು. ಏನೋ ಮಗ್ಗದ ಕೆಲಸದ ಸವೆತ ಎಂದುಕೊಂಡು ಹಿಸನೊ ಆ ಭಾಗ ಬಿಟ್ಟು ಕತ್ತರಿಸಿದ್ದಳು.

ಮೊದಲ ಸಲ ಒಂದು ಕಿಮೊನೊಗೆ ದಿಂಬಿಗಾಗಿ ಕತ್ತರಿ ಹಾಕಿದಾಗ ಅವಳಿಗೆ ರಾತ್ರಿ ಊಟ ಸೇರಿರಲಿಲ್ಲ. ನಲವತ್ತು ವರ್ಷ ಕಿಮೊನೊ ಹೊಲಿದ ಕೈ ಅದು. ಆಮೇಲೆ ಉಡುವವರು ಕಡಿಮೆಯಾದರು, ಹೊಲಿಸುವವರು ಇಲ್ಲವೇ ಆದರು, ಹೊಲಿಯುವಾಗ ಬೆರಳಿಗೆ ಹಾಕುವ ಅಂಗುಸ್ತಾನವನ್ನು ಡಬ್ಬಿಯಲ್ಲಿ ಹಾಕಿಟ್ಟು ಎರಡು ವರ್ಷ ಸುಮ್ಮನೆ ಕೂತಿದ್ದಳು. ಆಗ ಸೊಸೆಯಾಗಿ ಬಂದ ಚಿಹಾರು, ಬಂದ ವರ್ಷವೇ, ಮುಚ್ಚಿಹೋಗಿದ್ದ ಒಂದು ಹಳೆಯ ಮಗ್ಗದ ಕಾರ್ಖಾನೆಯ ಮೂಲೆಯನ್ನು ಅಂಗಡಿಗೆಂದು ಬಾಡಿಗೆಗೆ ಹಿಡಿದಳು. ಗರಗಸದ ಹಲ್ಲಿನಂತೆ ಮೇಲೆ ಕೆಳಗೆ ಹೋಗುವ ಮಾಡು, ಹಲ್ಲಿನ ಒಂದೊಂದು ನೆಟ್ಟ ಮೈಯಲ್ಲೂ ಉತ್ತರಕ್ಕೆ ಗಾಜು. “ಅತ್ತೆ, ಈ ಬೆಳಕಲ್ಲಿ ಕೂತು ಹೊಲಿದ್ರೆ ಕನ್ನಡಕಾನೇ ಬೇಡ” ಎಂದು ಆಸೆ ತೋರಿಸಿ ಕರೆದುಕೊಂಡು ಹೋದಳು. ಅಜ್ಜಿಯರ ಪೆಟ್ಟಿಗೆಯಲ್ಲಿ ಕೊಳೆಯುತ್ತಿದ್ದ ರೇಷ್ಮೆಯೆಲ್ಲ ಅಲ್ಲಿ ದಿಂಬಾಯಿತು, ಮೇಜಿನ ಹಾಸಾಯಿತು, ದೀಪದ ಮುಸುಕಾಯಿತು. ಒಣಗಾಳಿಗೂ ಹೆಂಡಿರ ಆಳ್ವಿಕೆಗೂ ಹೆಸರಾದ ಸೀಮೆ ನಮ್ಮದು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಬೀದಿಯವರು ನಕ್ಕರು. ಹಿಸನೊ ನಗಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. ಉತ್ತರದ ಬೆಳಕಿನಲ್ಲಿ ಕೂತು ಬಿಚ್ಚುತ್ತ, ತೊಳೆಯುತ್ತ, ಹಲಗೆಗೆ ಹಚ್ಚಿ ಒಣಗಿಸುತ್ತ ಒಂಬತ್ತು ವರ್ಷ ಕಳೆದಿದ್ದವು. ಸುಖವಾಗಿದ್ದಳು. ಸುಖವಾಗಿದ್ದೇನೆ ಎಂದು ಯಾರಿಗೂ ಹೇಳಿರಲಿಲ್ಲ, ಅಷ್ಟೆ.

ಎದೆಯ ದಿಂಬು ಚಿಹಾರುವಿನ ತಲೆಯಿಂದ ಬಂದದ್ದು. ದಿಂಬಿನ ಮುಂಭಾಗ ಕಿಮೊನೊ ಉಟ್ಟ ಎದೆಯ ಹಾಗೆ, ಎರಡು ಪಕ್ಕ ಒಂದರ ಮೇಲೊಂದು ಬಂದು, ನಡುವೆ ಬಾಯಿ ತೆರೆದ ಮಡಿಕೆ. ವಯಸ್ಸಾದವರು ಅದನ್ನು ಹೊಟ್ಟೆಗೆ ಅಪ್ಪಿಕೊಂಡು, ಮುಖ ಹೊರಗೆ ಮಾಡಿಕೊಂಡು ಟಿ.ವಿ. ಮುಂದೆ ಕೂರಬಹುದು, ಹಿಂದೆ ಕಿಮೊನೊದ ಎದೆಯಲ್ಲಿ ಇಟ್ಟುಕೊಳ್ಳುತ್ತಿದ್ದಂತೆ ಕರವಸ್ತ್ರವೋ ಕನ್ನಡಕವೋ ಮಡಿಕೆಯೊಳಗೆ ಇಟ್ಟುಕೊಳ್ಳಬಹುದು. ಇಂಥದ್ದನ್ನು ಮಾಡಿದ್ದು ಇದೇ ಮೊದಲು. ನಲವತ್ತು ವರ್ಷ ಕಿಮೊನೊ ಹೊಲಿದರೂ ಯಾವ ಪಕ್ಕ ಮೇಲೆ ಎಂದು ಹಿಸನೊ ಒಮ್ಮೆಯೂ ತೀರ್ಮಾನಿಸಿದವಳಲ್ಲ. ಅದು ಉಡುವವರ ಕೆಲಸ, ಹೊಲಿಯುವವರದಲ್ಲ. ದಿಂಬಿಗೆ ಮಾತ್ರ ಅದನ್ನು ಹೊಲಿಗೆ ಹಾಕಿ ಕೂರಿಸಬೇಕು. ಅದೂ ಒಳಮೈ ಮೇಲೆ ಮಾಡಿ ಹೊಲಿದು ಕೊನೆಗೆ ಮಗುಚಬೇಕು. ಮಗುಚಿದಾಗ ಎಡವೆಲ್ಲ ಬಲ, ಮೇಲಿದ್ದದ್ದೆಲ್ಲ ಕೆಳಗೆ. ಅದಕ್ಕೇ ಅವಳು ದಪ್ಪ ಕಾಗದದಲ್ಲಿ ಅಳತೆ ಕತ್ತರಿಸಿ, ಒಂದು ಮೈಗೆ ಪೆನ್ಸಿಲಿನಲ್ಲಿ ‘ಒಳಗೆ’ ಎಂದು ಬರೆದಿಟ್ಟಿದ್ದಳು. ಗೆರೆ ಎಳೆಯುವಾಗ ಆ ಬರಹ ಮೇಲಿರಬೇಕು. ಬರೆದ ನೆನಪಿತ್ತು. ಬಟ್ಟೆಯ ಮೇಲೆ ಇಟ್ಟಾಗ ಆ ಬರಹ ಕಣ್ಣಿಗೆ ಕಾಣುತ್ತಿತ್ತೇ, ಇಲ್ಲವೇ?

“ಅತ್ತೆ, ಬೆಳಬೆಳಗ್ಗೆ ಏನಿದು, ಕಳ್ಳರು ನುಗ್ಗಿದ ಹಾಗೆ ಎಲ್ಲಾ ಹರಡ್ಕೊಂಡ್ ಕೂತಿದೀರಲ್ಲ?” ಚಿಹಾರು ಬಾಗಿಲಲ್ಲಿ ನಿಂತಿದ್ದಳು, ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು.

“ಕಾಗದ ಹುಡುಕ್ತಿದೀನಿ. ಎದೆ ದಿಂಬಿನ ಕಾಗದ.”

“ಯಾಕೆ, ಇನ್ನೊಂದು ಬೇಕಂತಾ? ಶುಕ್ರವಾರ ಹೋಗಿದ್ದು, ಇಷ್ಟ್ ಬೇಗ ಬೇಡಿಕೆ ಬಂತಾ? ನೋಡಿ, ನಾನ್ ಹೇಳ್ಲಿಲ್ವಾ?”

ಹಿಸನೊ ಕೈ ನಿಲ್ಲಿಸಿದಳು. ಕಾಗದ ಸಿಕ್ಕಿತ್ತು, ನೇರಳೆ ಚೂರುಗಳ ಕೆಳಗೆ. ಅದರ ಮೇಲೆ ಸೀಮೆಸುಣ್ಣದ ಪುಡಿ ಹತ್ತಿದ್ದ ಮೈ ಯಾವುದೋ, ಅದೇ ಗೆರೆ ಎಳೆಯುವಾಗ ಮೇಲಿದ್ದ ಮೈ. ಪುಡಿ ಇದ್ದ ಕಡೆ ಬರಹವಿರಲಿಲ್ಲ. ತಿರುಗಿಸಿದಳು. ‘ಒಳಗೆ’ ಎಂಬ ಅವಳದೇ ದುಂಡನೆಯ ಅಕ್ಷರ ಶುಭ್ರವಾಗಿ, ಒಂದು ಚಿಟಿಕೆ ಸುಣ್ಣವೂ ಸೋಕದೆ ಕೂತಿತ್ತು. ಅವಳು ಕಾಗದವನ್ನು ಸೊಸೆಯ ಕೈಗೆ ಕೊಟ್ಟಳು. ಚಿಹಾರು ಎರಡು ಸಲ ತಿರುಗಿಸಿ ನೋಡಿ, ಬ್ರಷ್ಷನ್ನು ಬಾಯಿಂದ ತೆಗೆದಳು.

“ಅಯ್ಯೋ ಅತ್ತೆ. ಹಂಗಾದ್ರೆ ಬಲಪಕ್ಕ ಮೇಲೆ ಬಂದಿದೆ.”

“ಹ್ಞೂಂ.”

“ನಾನೂ ನೋಡಿದ್ನಲ್ಲ! ನಾನೇ ಸುತ್ತಿ, ಪೆಟ್ಟಿಗೆಗೆ ಹಾಕಿ, ರಿಬ್ಬನ್ ಕಟ್ಟಿದ್ದು. ನನ್ ಕಣ್ಣೇನ್ ಮಣ್ಣು ತಿಂತಿತ್ತಾ?”

“ನೀನು ನೋಡಿದ್ದು ಬಟ್ಟೆ. ನಾನು ಹೊಲಿದಿದೀನಿ ಅಂದ್ಮೇಲೆ ಸರಿಯಾಗೇ ಇರುತ್ತೆ ಅಂತ ನೀನು ಅಂದ್ಕೊಂಡೆ. ನಾನೂ ಹಾಗೇ ಅಂದ್ಕೊಂಡೆ.”

“ಫೋನ್ ಮಾಡ್ಲಾ? ಇನ್ನೂ ಒಂಬತ್ತು ಗಂಟೆ.”

“ಬೇಡ. ಏನಂತೀಯ? ನಿಮ್ಮತ್ತೆ ಹುಟ್ಟಿದಬ್ಬಕ್ಕೆ ಹೆಣಕ್ಕೆ ಉಡ್ಸೋ ಥರ ಉಡ್ಸಿ ಕಳ್ಸಿದೀವಿ ಅಂತಾನಾ? ಬಾಯಿ ಬಿಟ್ರೆ ಬಣ್ಣಗೇಡು. ನಾನೇ ಹೋಗ್ತೀನಿ. ಅರ್ಧ ಗಂಟೆ ಕೆಲ್ಸ, ಅಲ್ಲೇ ಕೂತು ಬಿಚ್ಚಿ ಹೊಲ್ಕೊಡ್ತೀನಿ.”

“ಕಾರಲ್ಲಿ ಬಿಡ್ತೀನಿ, ತಾಳಿ.”

“ಅಂಗಡಿ ಯಾರು ತೆಗೀತಾರೆ? ಭಾನುವಾರ. ಸೈಕಲ್ ತಗೊಂಡು ರೈಲಲ್ಲಿ ಹೋಗ್ತೀನಿ.”

ಚಿಹಾರು ಏನೋ ಹೇಳಲು ಹೋಗಿ ಸುಮ್ಮನಾದಳು. ಆ ಸುಮ್ಮನಾದದ್ದೇ ಹಿಸನೊಳಿಗೆ ಚುಚ್ಚಿತು. ಅತ್ತೆಗೆ ವಯಸ್ಸಾಯಿತು ಎಂದು ಅವಳು ಅಂದುಕೊಂಡಳೋ ಇಲ್ಲವೋ. ಅಂದುಕೊಳ್ಳಲು ಒಂದು ಕಾರಣವನ್ನಂತೂ ತಾನೇ ಕೈಯಾರೆ ಕೊಟ್ಟಾಗಿತ್ತು. ಬದುಕಿನಲ್ಲಿ ಹಿಸನೊಳ ಹತ್ತಿರ ಇದ್ದದ್ದು ಒಂದೇ, ನಂಬಬಹುದಾದ ಕೈ. ಅದು ಹೋದರೆ ಉತ್ತರದ ಬೆಳಕಿನಲ್ಲಿ ಕೂತು ಮಾಡುವುದೇನು?

ಈ ಪುಟ್ಟ ರೈಲಿನಲ್ಲಿ ಸೈಕಲ್ಲನ್ನು ಹಾಗೇ ತಳ್ಳಿಕೊಂಡು ಹತ್ತಬಹುದು. ಹಿಸನೊ ಸೈಕಲ್ಲನ್ನು ಕಂಬಕ್ಕೆ ಒರಗಿಸಿ, ಅದು ಜಾರದಂತೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಮಡಿಲ ಮೇಲಿನ ಹೊಲಿಗೆ ಪೆಟ್ಟಿಗೆಯನ್ನು ಹಿಡಿದು ಕೂತಳು. ಆಕಾಗಿ ಬೆಟ್ಟದಿಂದ ಇಳಿಯುವ ಒಣಗಾಳಿ ರೈಲಿನ ಮಗ್ಗುಲಿಗೆ ಬಡಿಯುತ್ತಿತ್ತು. ಎದುರಿನ ಸೀಟಿನಲ್ಲಿ ಒಬ್ಬ ಹೆಂಗಸು ಕಣ್ಣುಮುಚ್ಚಿ ಕೂತಿದ್ದಳು, ಮಡಿಲಲ್ಲಿ ಕೈ ಮೇಲೆ ಕೈ. ಎಡಗೈ ಮೇಲಿತ್ತು. ಇವತ್ತು ಎಲ್ಲಿ ನೋಡಿದರೂ ಇದೇ. ಅಮ್ಮನ ಕೈಗಳನ್ನೂ ಹೀಗೇ ಜೋಡಿಸಿದ್ದರು, ಹನ್ನೊಂದು ವರ್ಷದ ಹಿಂದೆ, ಇಂಥದೇ ಗಾಳಿಯ ದಿನ. ಅಮ್ಮನಿಗೆ ಸ್ನಾನ ಮಾಡಿಸಿ ಆಗಿತ್ತು. ಬಿಳಿ ನಿಲುವಂಗಿಯನ್ನು ಉಡಿಸುವುದಕ್ಕೆ ಶವಸಂಸ್ಕಾರದ ಅಂಗಡಿಯಾತ ಮುಂದೆ ಬಂದಾಗ ಹಿಸನೊ, “ನಾನು ಉಡಿಸ್ತೀನಿ, ನಾನು ಹೊಲಿಗೆಯವಳು” ಎಂದಿದ್ದಳು. ಜಂಬದಿಂದಲೇ ಎಂದಿದ್ದಳು, ಈಗ ಒಪ್ಪಿಕೊಳ್ಳಬೇಕು. ಅಮ್ಮನ ಹೆಗಲ ಕೆಳಗೆ ಕೈ ಹಾಕಿ ಎತ್ತಿ, ತೋಳು ತೂರಿಸಿ, ಬಟ್ಟೆ ಸುಕ್ಕಾಗದಂತೆ ಎಳೆದು, ಎಡಪಕ್ಕವನ್ನು ತಂದು ಬಲಪಕ್ಕದ ಮೇಲೆ ಹಾಕಿ ಅಂಗೈಯಿಂದ ಒಮ್ಮೆ ನೇವರಿಸಿದಳು. ಅಮ್ಮ ಎಲ್ಲಿಗೋ ಹೊರಟು ನಿಂತಂತೆ, ಈಗ ಎದ್ದು ಚಪ್ಪಲಿ ಕೇಳುವಂತೆ ಕಾಣುತ್ತಿದ್ದಳು. ಕನ್ನಡಕ ಹಾಕಿದ್ದ ಆ ಅಂಗಡಿಯಾತ ಏನೂ ಹೇಳದೆ, ಎರಡು ಬೆರಳಲ್ಲಿ ಎಡಪಕ್ಕವನ್ನು ಎತ್ತಿ ಕೆಳಗೆ ಸರಿಸಿ, ಬಲಪಕ್ಕವನ್ನು ಮೇಲೆ ತಂದ. ಅಷ್ಟೇ. ಅಮ್ಮ ಆಗ ಸತ್ತಳು. “ಅಮ್ಮನ್ ಕೊನೇ ಬಟ್ಟೇನೂ ಗಿರಾಕಿಗೆ ಉಡ್ಸ್ದಂಗೆ ಉಡ್ಸ್ತೀಯಲ್ಲೇ” ಎಂದು ಅಕ್ಕ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಹೇಳಿದ್ದಳು. ಅಳುತ್ತಲೇ ಹೇಳಿದ್ದು, ಆದರೆ ಪಕ್ಕದಲ್ಲಿದ್ದ ದೊಡ್ಡಮ್ಮನ ಮಕ್ಕಳು ನಕ್ಕಿದ್ದರು.

ಅವತ್ತು ಸತ್ತವಳಿಗೆ ಬದುಕಿದವರ ಮಡಿಕೆ, ಇವತ್ತು ಬದುಕಿದವಳಿಗೆ ಸತ್ತವರ ಮಡಿಕೆ. ಚೆನ್ನಾಗಿದೆ ನನ್ನ ಕೈಗುಣ ಎಂದುಕೊಂಡಳು ಹಿಸನೊ, ಹಾಗೆ ಅಂದುಕೊಂಡಾಗ ಅಷ್ಟು ಕಷ್ಟದಲ್ಲೂ ಬಾಯಿಯ ಒಂದು ತುದಿಯಲ್ಲಿ ನಗು ಬಂತು. ಎದುರಿನ ಹೆಂಗಸು ಕಣ್ಣುಬಿಟ್ಟು ನೋಡಿದಳು. ಹಿಸನೊ ಸೈಕಲ್ಲಿನ ಗಂಟೆಯನ್ನು ಒರೆಸುವವಳಂತೆ ತಲೆ ತಗ್ಗಿಸಿದಳು.

ನಿಲ್ದಾಣದಿಂದ ಗಾಳಿಗೆ ಎದುರಾಗಿ ಸೈಕಲ್ ತುಳಿದು ಹೊರಿಗೊಮೆ ಮನೆ ತಲುಪುವಾಗ ಹನ್ನೊಂದಾಗುತ್ತ ಬಂದಿತ್ತು. ಬಾಗಿಲ ಒಳಗೆ ಚಪ್ಪಲಿ, ಬೂಟುಗಳ ಸಾಲು. ಕೆಂಪು ಕಾಳಿನ ಅನ್ನ ಬೇಯುವ ವಾಸನೆ. ಒಳಗೆ ಯಾರೋ ಗಂಡಸು ಜೋರಾಗಿ ನಗುತ್ತಿದ್ದ. ರಿತ್ಸುಕೊ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದವಳು ಹಿಸನೊಳನ್ನು, ಅವಳ ಕೈಲಿದ್ದ ಹೊಲಿಗೆ ಪೆಟ್ಟಿಗೆಯನ್ನು ನೋಡಿ ಒಂದು ಕ್ಷಣ ತಡೆದು, ಬಗ್ಗಿ ವಂದಿಸಿದಳು. ಅಗತ್ಯಕ್ಕಿಂತ ಹೆಚ್ಚು ಬಗ್ಗಿದಳು. ಇವರಿಗೆ ಗೊತ್ತಾಗಿದೆ ಎಂದು ಹಿಸನೊಳಿಗೆ ಅದರಿಂದಲೇ ತಿಳಿಯಿತು.

“ಬನ್ನಿ, ಇಷ್ಟು ಗಾಳೀಲಿ! ಅಷ್ಟು ಚೆಂದದ ದಿಂಬು ಮಾಡ್ಕೊಟ್ರಿ, ಎಷ್ಟು ಶ್ರಮ ಪಟ್ರೋ ಏನೋ.”

“ರಿತ್ಸುಕೊ ಅವ್ರೇ, ತಪ್ಪಾಗಿದೆ. ಎದೆಯ ಪಕ್ಕ ತಿರುಗಾಮುರುಗಾ ಬಿದ್ದಿದೆ. ಅದಕ್ಕೇ ಓಡಿ ಬಂದೆ.”

ರಿತ್ಸುಕೊ ಒಳಗೆ ಒಮ್ಮೆ ನೋಡಿ ದನಿ ತಗ್ಗಿಸಿದಳು. “ನೀವಾಗೇ ಹೇಳಿದ್ರಲ್ಲ, ನನಗೆ ಜೀವ ಬಂತು. ನಿನ್ನೆ ಸಂಜೆ ತೆಗೆದು ನೋಡಿದಾಗ ನನ್ ಗಂಡ ‘ಇದೇನೇ’ ಅಂದ್ರು. ಹೊಸ ಕಾಲದ ಫ್ಯಾಷನ್ ಇರ್ಬೇಕು, ಅಷ್ಟು ವರ್ಷ ಹೊಲಿದವರಿಗೆ ಗೊತ್ತಿರಲ್ವಾ ಅಂತ ನಾನೇ ಬಾಯಿ ಮುಚ್ಚಿಸಿದೆ.”

ಆ ಕೊನೆಯ ಮಾತು ಸೂಜಿ ಉಗುರಿನೊಳಗೆ ಹೋದಂತೆ ಹೋಯಿತು. ರಿತ್ಸುಕೊ ಚುಚ್ಚಬೇಕೆಂದು ಆಡಿದ್ದಲ್ಲ. ಚುಚ್ಚಬೇಕೆಂದು ಆಡಿದ್ದರೆ ಇಷ್ಟು ಒಳಗೆ ಹೋಗುತ್ತಿರಲಿಲ್ಲ.

“ಒಂದ್ ಅರ್ಧ ಗಂಟೆ ಕೊಡಿ. ಯಾವ್ದಾದ್ರೂ ಮೂಲೆಯಲ್ಲಿ ಕೂತು ಸರಿಮಾಡ್ತೀನಿ.”

“ಅದೇ ಕಷ್ಟ ಆಗಿರೋದು. ಸಂಭ್ರಮ ಮುಗಿಯೋವರ್ಗೂ ಬೀರುವಲ್ಲಿ ಇಡೋಣ ಅಂತ ಹೋದ್ರೆ ಅತ್ತೆ ಬಿಡ್ತಾನೇ ಇಲ್ಲ. ರಾತ್ರಿ ಪಕ್ಕದಲ್ಲೇ ಇಟ್ಕೊಂಡು ಮಲಗಿದಾರೆ. ಬೆಳಗ್ಗೆಯಿಂದ ಮಡಿಲಿಂದ ಇಳಿಸಿಲ್ಲ. ಎಲ್ರೂ ನೋಡ್ತಿದಾರೆ, ಯಾರೂ ಮಾತಾಡ್ತಿಲ್ಲ. ನೀವೇ ಕೇಳಿ ನೋಡಿ.”

ನಡುಮನೆಯ ಚಾಪೆಯ ಮೇಲೆ ಹನ್ನೆರಡು ಹದಿಮೂರು ಜನರಿದ್ದರು. ಎತ್ತರದ ಕುರ್ಚಿಯಲ್ಲಿ ತೊಮಿ ಅಜ್ಜಿ, ಹಳದಿ ಟೋಪಿ ಒಂದು ಕಿವಿಯ ಮೇಲೆ ವಾಲಿತ್ತು. ಹೊಟ್ಟೆಗೆ ಅಪ್ಪಿಕೊಂಡಿದ್ದ ನೇರಳೆ ದಿಂಬು ಬಾಗಿಲಿಗೆ ಎದುರಾಗಿ, ಬಂದವರಿಗೆಲ್ಲ ತನ್ನ ತಪ್ಪನ್ನು ತೋರಿಸುತ್ತ ಕೂತಿತ್ತು. ಬಲಪಕ್ಕ ಮೇಲೆ. ಹಿಸನೊಳಿಗೆ ಅಷ್ಟೂ ಜನರ ನಡುವೆ ಕಂಡದ್ದು ಅದೊಂದೇ. ಹೊಲಿಗೆ ಮಾತ್ರ ಅಚ್ಚುಕಟ್ಟಾಗಿತ್ತು; ಇಂಥ ಹೊತ್ತಿನಲ್ಲೂ ಅದು ಕಣ್ಣಿಗೆ ಬಿತ್ತಲ್ಲ ಎಂದು ನಾಚಿಕೆಯಾಯಿತು. ಮಂಡಿಯೂರಿ ಕೂತು, ಹಣೆಯನ್ನು ಚಾಪೆಗೆ ಮುಟ್ಟಿಸಿದಳು.

“ಅಮ್ಮಾ, ನಾನು ದಿಂಬು ಹೊಲಿದ ಹಿಸನೊ. ದೊಡ್ಡ ತಪ್ಪು ಮಾಡಿಬಿಟ್ಟಿದೀನಿ. ಇಂಥ ಶುಭದಿನ ಇಂಥದ್ದನ್ನ ಕೊಟ್ಟಿದೀನಿ. ದಯವಿಟ್ಟು ಒಂದ್ ಗಳಿಗೆ ಕೊಡಿ, ಸರಿಮಾಡಿ ತಂದ್ಕೊಡ್ತೀನಿ.”

“ಏನು ತಪ್ಪು?” ಅಜ್ಜಿಯ ದನಿ ದೊಡ್ಡದು. ಮಗ್ಗಗಳ ಸದ್ದಿನ ಮೇಲೆ ಕೂಗಿ ಮಾತಾಡಿ ಬೆಳೆದವರ ಕಂಠ ಕಡೆಯವರೆಗೂ ಹಾಗೇ.

“ಎದೆಯ ಪಕ್ಕ, ಅಮ್ಮಾ. ಬಲಪಕ್ಕ ಮೇಲೆ ಬಂದಿದೆ.”

“ಅದು ಕಾಣಲ್ವಾ ನಂಗೆ? ಕಣ್ಣಿನ ಪೊರೆ ತೆಗ್ಸಿ ಆರು ತಿಂಗ್ಳಾಯ್ತು. ಈ ಮನೇಲಿ ನಂಗೇ ಎಲ್ರಿಗಿಂತ ಚೆನ್ನಾಗಿ ಕಾಣ್ಸೋದು.” ಅಜ್ಜಿ ಸುತ್ತ ನೋಡಿದಳು. “ಇವ್ರೆಲ್ಲಾ ಬೆಳಗ್ಗಿಂದ ಹೆಣ ನೋಡಿದಂಗೆ ನೋಡ್ತಾ ಕೂತವ್ರೆ. ಬಾಯ್ಬಿಟ್ಟು ಹೇಳಿದೋಳು ನೀನೊಬ್ಳೇ. ಏಳು, ತಲೆ ಎತ್ತು. ಇಲ್ಲಿ ನೋಡು.”

ಹಿಸನೊ ತಲೆಯೆತ್ತಿದಳು. ತೊಮಿ ಅಜ್ಜಿ ದಿಂಬನ್ನು ಹೊಟ್ಟೆಗೆ ಇನ್ನೊಂದಿಷ್ಟು ಒತ್ತಿಕೊಂಡು, ಎಡಗೈ ಎತ್ತಿ, ಬೆರಳುಗಳನ್ನು ಮಡಿಕೆಯ ಬಾಯಿಗೆ ತಂದಳು. ಕೈ ಸರಕ್ಕನೆ ಒಳಗೆ ಹೋಯಿತು. ಮಣಿಕಟ್ಟಿನವರೆಗೂ ಹೋಗಿ, ಒಳಗೆ ಏನೋ ತಡಕಿ, ಅಷ್ಟೇ ಸಲೀಸಾಗಿ ಹೊರಗೆ ಬಂತು. ಬೆರಳುಗಳ ನಡುವೆ ಒಂದು ಕರಿಬೆಲ್ಲದ ಪೆಪ್ಪರಮೆಂಟು.

“ನೋಡಿದ್ಯಾ?”

“...ಎಡಗೈ” ಎಂದಳು ಹಿಸನೊ.

“ಎಡಚಿ ಕಣೇ ನಾನು. ಹುಟ್ಟಾ ಎಡಚಿ. ಊಟದ ಕಡ್ಡಿ ಎಡಗೈಲಿ ಹಿಡಿದ್ರೆ ಅಪ್ಪ ಮೊಟಕ್ತಿದ್ದ. ಮಗ್ಗದ್ ಮನೇಲಿ ಮೇಸ್ತ್ರಿ ಹೆಂಗ್ಸು ಈ ಕೈನ ದಾರದಲ್ಲಿ ಸೊಂಟಕ್ಕೆ ಕಟ್ಟಾಕಿ ಗಂಟು ಹಾಕೋದು ಕಲ್ಸಿದ್ಳು. ಕಲ್ತೆ. ಬರೆಯೋದು ಬಲಗೈ, ತಿನ್ನೋದು ಬಲಗೈ, ಎಲ್ಲಾ ಆಯ್ತು. ಎದೇಲಿ ಇಟ್ಕೊಂಡಿದ್ ತೆಗೆಯೋಕೆ ಮಾತ್ರ ಎಡಗೈನೇ ಹೋಗೋದು. ಹೋದ್ರೆ ಈ ಹಾಳು ಪಕ್ಕ ಅಡ್ಡ. ಮಣಿಕಟ್ಟು ಹಿಂದಕ್ಕೆ ತಿರುವಿ, ಎಳೆದಾಡಿ, ಎಲ್ಲಾ ಹುಡ್ಗೀರೂ ನಗೋರು. ಇದೇ ಬಟ್ಟೇಲಿ ಎಳೆದಾಡಿದ್ದು ಕಣೇ, ಇದೇ ನೇರ್ಳೆ ಬಟ್ಟೇಲಿ. ಎಂಬತ್ತೆಂಟ್ ವರ್ಷಕ್ಕೆ ನಿನ್ನೆ ಸಾಯಂಕಾಲ ಮೊದಲ್ನೇ ಸಲ ಈ ಕೈಗೆ ಬಾಗ್ಲು ತೆಗೀತು.”

ರಿತ್ಸುಕೊ ಬಾಯಿ ತೆರೆದು ಅತ್ತೆಯನ್ನೇ ನೋಡುತ್ತಿದ್ದಳು. “ಅತ್ತೆ, ಮೂವತ್ತೈದು ವರ್ಷ ಆಯ್ತು ನಾನು ಬಂದು. ನೀವು ಎಡಗೈ ಅಂತ ಒಂದಿನಾನೂ...”

“ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ.”

ಅಜ್ಜಿಯ ಮಗ, ಆಗಲೇ ಜೋರಾಗಿ ನಗುತ್ತಿದ್ದವನು, ತೊಡೆ ತಟ್ಟಿದ. “ಹಾಗಾದ್ರೆ ಹಿಸನೊ ಅವ್ರು ಇದನ್ನ ಬೇಕಂತಲೇ ಹೀಗೆ ಮಾಡಿದಾರೆ! ಬಟ್ಟೆ ಬಿಚ್ಚಿದವರಿಗೆ ಗೊತ್ತಾಗುತ್ತೆ, ಎಡತೋಳು ಸವೆದಿರುತ್ತೆ. ಅಬ್ಬಾ, ಕಸುಬು ಅಂದ್ರೆ ಇದು!” ಕೋಣೆಯ ತುಂಬ ಒಂದು ನಿಟ್ಟುಸಿರು ಹರಿಯಿತು, ಬೆಳಗಿನಿಂದ ಹಿಡಿದುಕೊಂಡಿದ್ದ ಉಸಿರು. “ಹೌದೌದು”, “ಅದಕ್ಕೇ ಮತ್ತೆ”, “ಮೊದಲೇ ಹೇಳ್ಬಾರ್ದಿತ್ತಾ” ಎಂದು ಆಚೀಚೆ ದನಿಗಳು. ರಿತ್ಸುಕೊಳ ಮುಖ ಅರಳಿತ್ತು. ತೊಮಿ ಅಜ್ಜಿ ಮುಂದಕ್ಕೆ ಬಾಗಿದಳು. “ಹೌದೇನೇ? ತೋಳು ನೋಡಿ ಮಾಡಿದ್ಯಾ?”

ತೋಳನ್ನು ನೋಡಿದ್ದು ನಿಜ. ಸವೆತವನ್ನು ನೋಡಿದ್ದು ನಿಜ. ಹೌದು ಎಂದು ತಲೆಯಾಡಿಸಿದರೆ ಸಾಕು. ಕೈ ಉಳಿಯುತ್ತದೆ, ಹೆಸರು ಉಳಿಯುತ್ತದೆ, ಚಿಹಾರುವಿನ ಅಂಗಡಿಗೆ ಒಂದು ಕತೆ ಸಿಗುತ್ತದೆ, ಈ ಮನೆಯವರ ಅಪಶಕುನವೂ ತೊಲಗುತ್ತದೆ. ಅಪ್ಪಣೆಯಿಲ್ಲದೆ ಕೈಯೇ ತಿಳಿದುಕೊಂಡಿತ್ತು ಎಂದು ತನಗೆ ತಾನೇ ಹೇಳಿಕೊಂಡರೂ ಆಗುತ್ತದೆ. ಹಾಗೆ ಹೇಳಿಕೊಳ್ಳಲು ಬಹಳ ಆಸೆಯಾಯಿತು. ಆದರೆ ಸುಣ್ಣದ ಪುಡಿ ಹತ್ತಿದ ಕಾಗದ ಕಣ್ಣ ಮುಂದಿತ್ತು. ಎರಡು ಬೆರಳಲ್ಲಿ ಅಮ್ಮನ ಬಟ್ಟೆ ಎತ್ತಿ ಸರಿಸಿದ ಕನ್ನಡಕದವನೂ ಕಣ್ಣ ಮುಂದಿದ್ದ.

“ಇಲ್ಲ ಅಮ್ಮಾ” ಎಂದಳು ಹಿಸನೊ. “ತೋಳು ನೋಡಿದ್ದೆ, ಅರ್ಥ ಆಗಿರ್ಲಿಲ್ಲ. ಅಳತೆ ಕಾಗದಾನ ಮಗುಚಿ ಇಟ್ಬಿಟ್ಟಿದ್ದೆ. ಅಷ್ಟೇ. ವಯಸ್ಸಾಯ್ತು ನಂಗೆ. ನಮ್ಮಮ್ಮ ಹೋದಾಗ್ಲೂ ಹಿಂಗೇ, ಬದುಕಿರೋರಿಗೆ ಉಡ್ಸಿದಂಗೆ ಉಡ್ಸ್ಬಿಟ್ಟಿದ್ದೆ. ಅಂಗಡಿಯೋನು ಸರಿಮಾಡ್ದ.”

ಮಗ ಕೈಲಿದ್ದ ಸಾಕೆ ಮದ್ಯದ ಬಟ್ಟಲನ್ನು ನೋಡಿಕೊಂಡ. ಇದನ್ನು ಯಾಕೆ ಹೇಳಿದೆ, ಯಾರು ಕೇಳಿದ್ದರು, ಎಂದು ಹಿಸನೊಳ ಕಿವಿ ಬಿಸಿಯಾಯಿತು. ಆಗ ತೊಮಿ ಅಜ್ಜಿ ನಕ್ಕಳು. ಹಳದಿ ಟೋಪಿ ಬಿದ್ದೇಹೋಗುವಷ್ಟು ನಕ್ಕಳು.

“ಒಳ್ಳೇದೇ ಆಯ್ತು ಬಿಡು. ತಿಳಿದು ಮಾಡಿದ್ದಿದ್ರೆ ಕನಿಕರ ಅನ್ಸ್ತಿತ್ತು. ಪಾಪ ಎಡಚಿ ಮುದುಕಿ, ಒಂದು ದಿಂಬು ಮಾಡ್ಕೊಡಣ ಅಂತ. ಕನಿಕರ ಬೇಕಾಗಿಲ್ಲ ನಂಗೆ. ತಾನಾಗೇ ಬಂತಲ್ಲ, ಇದು ಅದೃಷ್ಟ.” ಆಮೇಲೆ ಕೈಲಿದ್ದ ಪೆಪ್ಪರಮೆಂಟನ್ನು ಹಿಸನೊಳ ಕಡೆ ಚಾಚಿದಳು, ಎಡಗೈಯಲ್ಲೇ. “ನಿಮ್ಮಮ್ಮನ್ ವಿಷ್ಯ ತಲೆಗ್ ಹಚ್ಕೋಬೇಡ. ಅಲ್ಲಿಗೆ ಹೋದ್ಮೇಲೆ ಎಲ್ರೂ ಬಲಪಕ್ಕ ಮೇಲೆ ಹಾಕ್ಕೊಂಡೇ ಇರ್ತಾರಂತಲ್ಲ. ಅಂದ್ರೇನು? ಅಲ್ಲಿರೋರೆಲ್ಲಾ ಎಡಚ್ರೇ. ನಾನ್ ಹೋಗಿ ನಿಮ್ಮಮ್ಮಂಗೆ ಹೇಳ್ಕೊಡ್ತೀನಿ. ಸದ್ಯಕ್ಕೆ ಅರ್ಜೆಂಟ್ ಇಲ್ಲ.”

ಮೊದಲು ನಕ್ಕವಳು ರಿತ್ಸುಕೊ. ಆಮೇಲೆ ಎಲ್ಲರೂ. ಫೋಟೋ ತೆಗೆಯುವಾಗ ದಿಂಬು ಹಾಗೇ ಇತ್ತು. ಹಿಸನೊಳನ್ನೂ ಎಳೆದು ಕೂರಿಸಿಕೊಂಡರು. ಬೇಡ ಬೇಡವೆಂದರೂ ಬಿಡದೆ ಕೆಂಪು ಅನ್ನವನ್ನು ಡಬ್ಬಿಗೆ ಹಾಕಿ, ಮೇಲೆ ಎಳ್ಳುಪ್ಪು ಉದುರಿಸಿ ಕೊಟ್ಟರು. ಕತ್ತರಿಯನ್ನು ಅವಳು ಪೆಟ್ಟಿಗೆಯಿಂದ ಹೊರಗೆ ತೆಗೆಯಲೇ ಇಲ್ಲ.

ಹಿಂದಿರುಗುವಾಗ ಗಾಳಿ ಬೆನ್ನಿಗಿತ್ತು, ತುಳಿಯದೆಯೂ ಸೈಕಲ್ ಓಡುತ್ತಿತ್ತು. ರೈಲಿನಲ್ಲಿ ಯಾರೂ ಇರಲಿಲ್ಲ. ಕಿಟಕಿಯಿಂದ ಬಿಸಿಲು ಸೀಟಿನ ಮೇಲೆ ಬಿದ್ದು ಬೆಚ್ಚಗಿತ್ತು. ಚಿಹಾರುವಿಗೆ ಏನು ಹೇಳುವುದು? ಇದ್ದದ್ದನ್ನೇ. ಹೇಳಿದರೆ ಅವಳು ನಾಳೆಯೇ ಎಡಗೈಯವರ ದಿಂಬು ಎಂದು ಬೋರ್ಡು ಬರೆದು ಹಾಕುತ್ತಾಳೆ, ಸುಮ್ಮನಿರುವವಳಲ್ಲ. ಹಾಕಲಿ. ಕಾಗದದ ಎರಡೂ ಮೈಗೆ ಬರೆದಿಟ್ಟುಕೊಳ್ಳಬೇಕು, ಈ ಸಲ ಕೆಂಪು ಪೆನ್ಸಿಲಿನಲ್ಲಿ. ಹಿಸನೊ ಪೆಪ್ಪರಮೆಂಟನ್ನು ಇನ್ನೂ ಮುಷ್ಟಿಯಲ್ಲಿ ಹಿಡಿದಿದ್ದಳು, ಅದು ಮೆತ್ತಗಾಗತೊಡಗಿತ್ತು. ತಿನ್ನಲು ಮನಸ್ಸಾಗಲಿಲ್ಲ. ಅಂಗಿಯ ಎದೆಯ ಮಡಿಕೆಯೊಳಗೆ ಇಟ್ಟುಕೊಳ್ಳೋಣವೆಂದು ಬಲಗೈ ತಾನಾಗಿ ಎದ್ದಿತು. ಅದನ್ನು ತಡೆದು, ಪೆಪ್ಪರಮೆಂಟನ್ನು ಎಡಗೈಗೆ ಬದಲಾಯಿಸಿ ಪ್ರಯತ್ನಿಸಿದಳು. ಬಟ್ಟೆ ಅಡ್ಡ ಬಂತು. ಮಣಿಕಟ್ಟನ್ನು ಹಿಂ‌ದಕ್ಕೆ ತಿರುವಿದಳು, ಮೊಣಕೈ ಸೈಕಲ್ಲಿನ ಹ್ಯಾಂಡಲಿಗೆ ಬಡಿಯಿತು. ಇನ್ನೊಮ್ಮೆ ತೂರಿಸಲು ಹೋದಾಗ ಪೆಪ್ಪರಮೆಂಟು ಜಾರಿ ಮಡಿಲಿಗೆ ಬಿತ್ತು. ಅದನ್ನು ಎತ್ತಿಕೊಂಡು ಮತ್ತೆ ಎಡಗೈಯಲ್ಲೇ ಪ್ರಯತ್ನಿಸಿದಳು. ನಿಲ್ದಾಣ ಬರುವವರೆಗೂ ಪ್ರಯತ್ನಿಸಿದಳು. ಕೈ ಒಳಗೆ ಹೋಗಲಿಲ್ಲ.